ಟಿಕೆಟ್ ದರ ಒಂದು, ಕಟ್ಟುವ ಹಣ ಇನ್ನೊಂದು

ರಾಜರಾಜೇಶ್ವರಿನಗರದಿಂದ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಪಂದ್ಯ ನೋಡಲು ಹೋಗುವವರು ಮೊಬೈಲ್‌ನಲ್ಲಿ ಎರಡು ಟಿಕೆಟ್ ಖರೀದಿಸುತ್ತಾರೆ. ಒಂದು ಮೆಟ್ರೊದ್ದು, ಇನ್ನೊಂದು ಪಂದ್ಯದ್ದು. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗ ಕೆಂಗೇರಿವರೆಗೆ ವಿಸ್ತರಣೆಯಾದ ಮೇಲೆ ಆರ್‌.ಆರ್‌. ನಗರ ನಿಲ್ದಾಣದಲ್ಲಿ ರೈಲು ಹತ್ತಿದವರು ಎಲ್ಲೂ ಬದಲಾಯಿಸದೆ ಕಬ್ಬನ್ ಪಾರ್ಕ್‌ನಲ್ಲಿ ಇಳಿದು, ರಸ್ತೆ ದಾಟಿ ಕ್ರೀಡಾಂಗಣದ ಗೇಟಿಗೆ ಹೋಗಬಹುದು. 2022ರ ನವೆಂಬರ್‌ನಲ್ಲಿ ಮೆಟ್ರೊ ನಿಗಮ ಮೊಬೈಲ್ ಕ್ಯೂಆರ್ ಟಿಕೆಟ್ ಆರಂಭಿಸಿದಾಗ ಕೌಂಟರ್‌ನ ಟೋಕನ್ ದರಕ್ಕಿಂತ ಶೇ 5ರಷ್ಟು ಕಡಿಮೆ ದರ ಇಟ್ಟಿತು. ಅದರ ಹಿಂದಿನ ಲೆಕ್ಕ ಸರಳ. ಪ್ರಯಾಣಿಕ ತಾನೇ ಟಿಕೆಟ್ ಮಾಡಿಕೊಂಡರೆ ಕೌಂಟರ್‌ನ ಸಾಲು ಕರಗುತ್ತದೆ, ಚಿಲ್ಲರೆಯ ತಲೆನೋವು ತಪ್ಪುತ್ತದೆ, ಸಿಬ್ಬಂದಿಯ ಕೆಲಸ ಉಳಿಯುತ್ತದೆ. ಆ ಉಳಿತಾಯದಲ್ಲಿ ಸ್ವಲ್ಪ ಭಾಗ ಅವನಿಗೂ ಸಲ್ಲಬೇಕು.

ಅದೇ ಫೋನಿನಲ್ಲಿ, ಅದೇ ಬೆರಳಿನಲ್ಲಿ ಪಂದ್ಯದ ಟಿಕೆಟ್ ಖರೀದಿಸಲು ಹೋದರೆ ನ್ಯಾಯ ತಿರುಗಾಮುರುಗಾ ಆಗುತ್ತದೆ. ಇಲ್ಲಿಯೂ ಗ್ರಾಹಕ ತಾನೇ ಸೀಟು ಆರಿಸುತ್ತಾನೆ, ತಾನೇ ಹೆಸರು ತುಂಬುತ್ತಾನೆ, ತಾನೇ ಹಣ ಕಟ್ಟುತ್ತಾನೆ. ಕೊನೆಗೆ ಅದಕ್ಕಾಗಿ ಹೆಚ್ಚುವರಿ ದುಡ್ಡನ್ನೂ ತೆರುತ್ತಾನೆ. ಕನ್ವೀನಿಯನ್ಸ್ ಫೀ, ಬುಕಿಂಗ್ ಚಾರ್ಜ್, ಹ್ಯಾಂಡ್ಲಿಂಗ್ ಫೀ, ಪ್ಲಾಟ್‌ಫಾರ್ಮ್ ಫೀ ಎಂದು ಹೆಸರು ಬದಲಾಗುತ್ತಿರುತ್ತದೆ. ಈ ಹಣ ಏನು, ಯಾರಿಗೆ ಹೋಗುತ್ತದೆ, ಅದರಲ್ಲಿ ಎಷ್ಟು ನ್ಯಾಯ, ಎಷ್ಟು ಅನ್ಯಾಯ ಎಂಬುದನ್ನು ಬಿಡಿಸಿ ನೋಡುವುದು ಇವತ್ತಿನ ಅಂಕಣದ ಉದ್ದೇಶ. ಈ ಶುಲ್ಕವನ್ನು ಪೂರ್ತಿ ನಿಷೇಧಿಸಬೇಕು ಎಂಬ ವಾದ ನನ್ನದಲ್ಲ. ಗ್ರಾಹಕ ಕೊನೆಗೆ ಎಷ್ಟು ಕಟ್ಟಬೇಕೋ ಅಷ್ಟನ್ನು ಮೊದಲ ಪುಟದಲ್ಲೇ ತೋರಿಸಿ ಎಂಬುದಷ್ಟೇ ನನ್ನ ಒತ್ತಾಯ.

ಆನ್‌ಲೈನ್ ಟಿಕೆಟ್‌ನಿಂದ ಆಗಿರುವ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. ಟೆಸ್ಟ್ ಪಂದ್ಯದ ಟಿಕೆಟ್‌ಗಾಗಿ ಬೆಳಗಿನ ಜಾವ ಎದ್ದು ಬಂದು ಸಾಲಿನಲ್ಲಿ ನಿಂತ ತಲೆಮಾರು ನಮ್ಮ ನಡುವೆ ಇನ್ನೂ ಇದೆ. ಕೌಂಟರ್ ತೆರೆದು ಸ್ವಲ್ಪ ಹೊತ್ತಿಗೇ ‘ಮುಗೀತು’ ಎಂಬ ಮಾತು ಕೇಳಿಬರುತ್ತಿತ್ತು, ಪಕ್ಕದ ಗಲ್ಲಿಯಲ್ಲಿ ಅದೇ ಟಿಕೆಟ್ ಬ್ಲ್ಯಾಕ್‌ನಲ್ಲಿ ಸಿಗುತ್ತಿತ್ತು. ಆ ನೂಕುನುಗ್ಗಲು, ಲಾಠಿ ಬೀಸುವಿಕೆ ಬಹುಪಾಲು ತಪ್ಪಿದೆ. ಇದು ಜೀವದ ಪ್ರಶ್ನೆಯೂ ಹೌದು. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ದಿನ ಚಿನ್ನಸ್ವಾಮಿಯ ಗೇಟುಗಳ ಹೊರಗೆ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು. ಒಳಗೆ ಯಾರಿಗೆ ಪ್ರವೇಶ, ಎಷ್ಟು ಮಂದಿಗೆ ಪ್ರವೇಶ ಎಂಬುದು ಮೊದಲೇ ನಿಗದಿಯಾಗಿರುವುದು ಎಷ್ಟು ಮುಖ್ಯ ಎಂಬುದನ್ನು ಈ ಊರು ಅತ್ಯಂತ ದೊಡ್ಡ ಬೆಲೆ ತೆತ್ತು ಕಲಿತಿದೆ. ಆದ್ದರಿಂದ ಸೀಟು ಸಂಖ್ಯೆಯಿರುವ, ಸ್ಕ್ಯಾನ್ ಆಗುವ ಟಿಕೆಟ್ ಬೇಕೇ ಬೇಕು. ಆ ವ್ಯವಸ್ಥೆ ನಡೆಸಲು ಸರ್ವರ್ ಬೇಕು, ಸಿಬ್ಬಂದಿ ಬೇಕು, ಖರ್ಚಿದೆ ಎಂಬುದೂ ನಿಜ.

ತಕರಾರು ಆ ಖರ್ಚನ್ನು ವಸೂಲು ಮಾಡುವ ಬಗೆಯಲ್ಲಿದೆ. ಪರದೆಯ ಮೇಲೆ ನಡೆಯುವುದನ್ನು ಹತ್ತಿರದಿಂದ ನೋಡಿ. ಮೊದಲು ಕ್ರೀಡಾಂಗಣದ ನಕ್ಷೆ ತೆರೆದುಕೊಳ್ಳುತ್ತದೆ. ಒಂದೊಂದು ಸ್ಟ್ಯಾಂಡ್‌ಗೆ ಒಂದೊಂದು ಬಣ್ಣ, ಅದರ ಮೇಲೆ ಬೆಲೆ. ಬೆಲೆ ನೋಡಿ, ಮನೆಯವರೊಂದಿಗೆ ಮಾತಾಡಿ, ಸ್ಟ್ಯಾಂಡ್ ಆರಿಸುತ್ತೀರಿ. ಸೀಟು ಒತ್ತುತ್ತೀರಿ. ಅಷ್ಟರಲ್ಲಿ ಮೂಲೆಯಲ್ಲಿ ಗಡಿಯಾರ ಓಡಲು ಶುರುವಾಗುತ್ತದೆ, ಇಷ್ಟು ನಿಮಿಷದೊಳಗೆ ಹಣ ಕಟ್ಟದಿದ್ದರೆ ಸೀಟು ಹೋಯಿತು. ಹೆಸರು, ಫೋನ್ ನಂಬರ್, ಇ-ಮೇಲ್ ತುಂಬಿ ಮುಂದಿನ ಪುಟಕ್ಕೆ ಹೋದರೆ ಒಟ್ಟು ಮೊತ್ತ ಬೇರೆಯೇ ಇರುತ್ತದೆ. ಬೆಲೆಯ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಶುಲ್ಕದ ಸಾಲು, ಅದರ ಪಕ್ಕ ಒಂದು ಪುಟ್ಟ ಬಾಣದ ಗುರುತು. ಅದನ್ನು ಒತ್ತಿದವರಿಗೆ ಮಾತ್ರ ಮೂಲ ಶುಲ್ಕ ಎಷ್ಟು, ಅದರ ಮೇಲಿನ ತೆರಿಗೆ ಎಷ್ಟು ಎಂಬ ವಿವರ ಕಾಣುತ್ತದೆ. ಗಡಿಯಾರ ಓಡುತ್ತಿರುವಾಗ ಯಾರು ಒತ್ತುತ್ತಾರೆ? ಇಷ್ಟು ದೂರ ಬಂದವರು ಹಿಂದೆ ಹೋಗುವುದಿಲ್ಲ ಎಂಬುದು ಆ ಪುಟ ವಿನ್ಯಾಸ ಮಾಡಿದವರಿಗೆ ಚೆನ್ನಾಗಿ ಗೊತ್ತು.

ಒಂದು ಲೆಕ್ಕ ಹಾಕೋಣ. ಐಪಿಎಲ್ ಪಂದ್ಯವೊಂದರ ಟಿಕೆಟ್‌ನ ಮೂಲ ಬೆಲೆ ₹2,000 ಎಂದಿಟ್ಟುಕೊಳ್ಳಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಟ್ಟು ನಾಲ್ಕು ಟಿಕೆಟ್. ಮೂಲ ಬೆಲೆ ₹8,000. ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 40ಕ್ಕೆ ಏರಿದೆ. ಅಲ್ಲಿಗೆ ತೆರಿಗೆಯೇ ₹3,200. ಒಟ್ಟು ₹11,200. ಇದರ ಮೇಲೆ ಟಿಕೆಟ್ ಒಂದಕ್ಕೆ ₹100 ಬುಕಿಂಗ್ ಶುಲ್ಕ ಎಂದುಕೊಂಡರೆ ₹400. ಶುಲ್ಕ ಒಂದು ಸೇವೆ, ಆದ್ದರಿಂದ ಅದಕ್ಕೂ ಶೇ 18 ಜಿಎಸ್‌ಟಿ, ₹72. ಕೊನೆಗೆ ಬ್ಯಾಂಕ್ ಖಾತೆಯಿಂದ ಹೋಗುವುದು ₹11,672. ನಕ್ಷೆಯ ಮೇಲೆ ಕಂಡ ಬೆಲೆಯಲ್ಲಿ ತೆರಿಗೆ ಸೇರಿದ್ದರೂ ಈ ₹472 ಅಲ್ಲಿ ಕಾಣುವುದಿಲ್ಲ.

ತೆರಿಗೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಟಿಕೆಟ್‌ಗೆ ಶೇ 40, ಬುಕಿಂಗ್ ಸೇವೆಗೆ ಶೇ 18. ಎರಡು ದರಗಳ ನಡುವೆ ಇಷ್ಟು ಅಂತರವಿದ್ದಾಗ ಟಿಕೆಟ್ ಬೆಲೆಯ ಒಂದು ಪಾಲನ್ನು ಶುಲ್ಕದ ಸಾಲಿಗೆ ಸರಿಸುವ ಆಮಿಷ ಸಹಜವಾಗಿಯೇ ಹುಟ್ಟುತ್ತದೆ. ಅದಕ್ಕೇ ಶುಲ್ಕ ಯಾರ ಕೈಸೇರುತ್ತದೆ ಎಂಬುದು ತೆರಿಗೆ ಇಲಾಖೆಗೂ ಮುಖ್ಯವಾದ ಪ್ರಶ್ನೆ. ಅತ್ತ, ಮಾನ್ಯತೆ ಪಡೆದ ಕ್ರೀಡಾಕೂಟಗಳ ₹500ರವರೆಗಿನ ಟಿಕೆಟ್‌ಗೆ ಜಿಎಸ್‌ಟಿ ವಿನಾಯಿತಿ ಇದೆ. ಬಡವರೂ ಆಟ ನೋಡಲಿ ಎಂದು ಸರ್ಕಾರ ಬಿಟ್ಟುಕೊಟ್ಟ ತೆರಿಗೆ ಅದು. ಆದರೆ ಆ ಟಿಕೆಟ್‌ನ ಬುಕಿಂಗ್ ಶುಲ್ಕಕ್ಕೆ ವಿನಾಯಿತಿ ಇಲ್ಲ.

ಕಡಿಮೆ ಬೆಲೆಯ ಟಿಕೆಟ್‌ಗಳ ಮೇಲೆ ಈ ಶುಲ್ಕ ಬೀಳುವ ರೀತಿ ನನ್ನನ್ನು ಹೆಚ್ಚು ಕಾಡುತ್ತದೆ. 2025ರ ಮಹಿಳಾ ವಿಶ್ವಕಪ್‌ಗೆ ಐಸಿಸಿ ₹100ರಿಂದ ಟಿಕೆಟ್ ಇಟ್ಟಿತ್ತು. ಅಂತಹ ₹100ರ ಟಿಕೆಟ್‌ಗೆ ₹20 ಶುಲ್ಕ, ಅದರ ತೆರಿಗೆ ಸೇರಿ ₹23.60 ಎಂದು ಹಾಕಿದರೆ, ಹೆಚ್ಚುಕಡಿಮೆ ಬೆಲೆಯ ನಾಲ್ಕನೇ ಒಂದು ಭಾಗ. ಕಾರ್ಪೊರೇಟ್ ಬಾಕ್ಸ್‌ನಲ್ಲಿ ಕೂರುವವನಿಗೆ ಗೊತ್ತೇ ಆಗದ ಹಣ, ಮಗಳನ್ನು ಮೊದಲ ಬಾರಿ ಪಂದ್ಯಕ್ಕೆ ಕರೆದುಕೊಂಡು ಹೋಗುವ ಆಟೊ ಚಾಲಕನಿಗೆ ಒಂದು ಹೊತ್ತಿನ ತಿಂಡಿಯ ಹಣ.

ಟಿಕೆಟ್‌ಗೊಂದು ಶುಲ್ಕ ಎಂಬ ಪದ್ಧತಿಯೂ ಪ್ರಶ್ನಾರ್ಹ. ನಾಲ್ಕು ಸೀಟನ್ನು ಒಂದೇ ಸಲ ಖರೀದಿಸಿದಾಗ ವ್ಯವಹಾರ ಒಂದೇ. ಒಂದೇ ಲಾಗಿನ್, ಒಂದೇ ಒಟಿಪಿ, ಒಂದೇ ಪಾವತಿ, ಒಂದೇ ಇ-ಮೇಲ್. ಸರ್ವರ್‌ಗೆ ಬೀಳುವ ಹೊರೆ ನಾಲ್ಕು ಪಟ್ಟು ಆಗುವುದಿಲ್ಲ. ಆದರೂ ಶುಲ್ಕವನ್ನು ಸಾಮಾನ್ಯವಾಗಿ ತಲೆ ಎಣಿಸಿ ವಸೂಲು ಮಾಡಲಾಗುತ್ತದೆ. ರೈಲ್ವೆಯ ಐಆರ್‌ಸಿಟಿಸಿಯನ್ನು ನೋಡಿ. ಅಲ್ಲಿಯೂ ಕನ್ವೀನಿಯನ್ಸ್ ಫೀ ಇದೆ. ಎ.ಸಿ. ಅಲ್ಲದ ದರ್ಜೆಗೆ ₹15, ಎ.ಸಿ.ಗೆ ₹30. ಯುಪಿಐನಲ್ಲಿ ಕಟ್ಟಿದರೆ ₹10 ಮತ್ತು ₹20. ಮೇಲೆ ಜಿಎಸ್‌ಟಿ. ಆದರೆ ಅದು ಒಂದು ಟಿಕೆಟ್‌ಗೆ, ಅಂದರೆ ಒಂದು ಪಿಎನ್‌ಆರ್‌ಗೆ. ಅದರಲ್ಲಿ ಒಬ್ಬರಿರಲಿ, ಆರು ಮಂದಿಯಿರಲಿ, ಶುಲ್ಕ ಒಂದೇ. ಇಡೀ ಮನೆಮಂದಿ ಧರ್ಮಸ್ಥಳದ ಕಡೆಗೋ ಹುಬ್ಬಳ್ಳಿಗೋ ಹೊರಟಾಗ ಒಂದು ಶುಲ್ಕ ಸಾಕಾದರೆ, ಅದೇ ಮನೆಮಂದಿ ಕಬ್ಬನ್ ರಸ್ತೆಗೆ ಪಂದ್ಯ ನೋಡಲು ಹೋದಾಗ ನಾಲ್ಕು ಶುಲ್ಕ ಏಕೆ? ಮೇಲಿನ ಲೆಕ್ಕದಲ್ಲಿ ಒಂದೇ ಶುಲ್ಕ ಹಾಕಿದ್ದರೆ ₹472ರ ಬದಲು ₹118 ಆಗುತ್ತಿತ್ತು.

ಐಆರ್‌ಸಿಟಿಸಿಯ ಕಥೆಯಲ್ಲಿ ಇನ್ನೂ ಒಂದು ಪಾಠವಿದೆ. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ, ಜನ ಡಿಜಿಟಲ್ ಪಾವತಿಗೆ ಬರಲಿ ಎಂದು ಈ ಶುಲ್ಕವನ್ನು ತೆಗೆದುಹಾಕಲಾಗಿತ್ತು. ಜನ ಅಭ್ಯಾಸ ಮಾಡಿಕೊಂಡ ಮೇಲೆ, 2019ರ ಸೆಪ್ಟೆಂಬರ್ 1ರಿಂದ ಅದು ಮತ್ತೆ ಬಂತು. 2021ರ ಅಕ್ಟೋಬರ್ ಕೊನೆಯಲ್ಲಿ ಈ ಶುಲ್ಕದ ಆದಾಯದಲ್ಲಿ ಅರ್ಧ ಪಾಲು ತನಗೆ ಬೇಕೆಂದು ರೈಲ್ವೆ ಹೇಳಿತು. ಮರುದಿನ ಷೇರುಪೇಟೆಯಲ್ಲಿ ಐಆರ್‌ಸಿಟಿಸಿ ಷೇರು ನೆಲಕಚ್ಚಿದ್ದನ್ನು ನೋಡಿ ಆ ನಿರ್ಧಾರವನ್ನು ಕೈಬಿಟ್ಟಿತು. ಟಿಕೆಟ್ ಮಾಡಿಸುವ ಖರ್ಚಿಗೆ ಮಾತ್ರ ಈ ಹಣ ಎಂದಾಗಿದ್ದರೆ ಅರ್ಧ ಪಾಲು ಕೇಳುವ ಪ್ರಶ್ನೆಯೇ ಬರುತ್ತಿರಲಿಲ್ಲ. ಖರ್ಚು ಕಳೆದು ಉಳಿಯುವ ದೊಡ್ಡ ಮೊತ್ತ ಅದರಲ್ಲಿದೆ ಎಂದು ಸರ್ಕಾರಕ್ಕೂ ಗೊತ್ತಿತ್ತು, ಹೂಡಿಕೆದಾರರಿಗೂ ಗೊತ್ತಿತ್ತು. ಕ್ರೀಡಾ ಟಿಕೆಟ್‌ಗಳಲ್ಲಿಯೂ ಮಾರುವ ಆಪ್ ಮತ್ತು ತಂಡದ ಮಾಲೀಕರ ನಡುವೆ ಒಪ್ಪಂದವಿರುತ್ತದೆ. ಶುಲ್ಕದಲ್ಲಿ ಯಾರಿಗೆ ಎಷ್ಟು ಎಂಬುದು ಆ ಒಪ್ಪಂದದೊಳಗೇ ಉಳಿಯುತ್ತದೆ, ಹಣ ಕಟ್ಟುವವನಿಗೆ ತಿಳಿಯುವ ದಾರಿಯಿಲ್ಲ.

ಇನ್ನು ಪಾವತಿ ಮಾಡುವ ವಿಧಾನದ ಮೇಲೆ ಹಾಕುವ ಸರ್ಚಾರ್ಜ್. ಇದನ್ನು ಬುಕಿಂಗ್ ಶುಲ್ಕದೊಂದಿಗೆ ಬೆರೆಸದೆ ಬೇರೆಯಾಗಿಯೇ ಅರ್ಥ ಮಾಡಿಕೊಳ್ಳಬೇಕು. ನೀವು ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಅಂಗಡಿಯವನಿಗೆ ಪೂರ್ತಿ ಹಣ ಬರುವುದಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕು, ವೀಸಾ, ಮಾಸ್ಟರ್‌ಕಾರ್ಡ್‌ನಂತಹ ಜಾಲ, ಅಂಗಡಿಗೆ ಮಷೀನ್ ಕೊಟ್ಟ ಬ್ಯಾಂಕು, ಈ ಮೂವರು ಸಣ್ಣ ಪಾಲು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಹಾಗೆ ಹಿಡಿದುಕೊಳ್ಳುವ ಹಣವೇ ಎಂಡಿಆರ್. ಕ್ರೆಡಿಟ್ ಕಾರ್ಡ್‌ನಲ್ಲಿ ಅದು ಸಾಮಾನ್ಯವಾಗಿ ಶೇ 2ರ ಆಸುಪಾಸು. ಡೆಬಿಟ್ ಕಾರ್ಡ್‌ಗೆ ರಿಸರ್ವ್ ಬ್ಯಾಂಕ್ 2018ರ ಜನವರಿಯಿಂದ ಮಿತಿ ಹಾಕಿದೆ. ವರ್ಷಕ್ಕೆ ₹20 ಲಕ್ಷದವರೆಗೆ ವಹಿವಾಟು ಇರುವ ಸಣ್ಣ ವ್ಯಾಪಾರಿಗೆ ಶೇ 0.40, ಅದಕ್ಕಿಂತ ದೊಡ್ಡವರಿಗೆ ಶೇ 0.90, ಎಷ್ಟೇ ದೊಡ್ಡ ಬಿಲ್ ಆದರೂ ₹1,000 ದಾಟುವಂತಿಲ್ಲ.

ಡೆಬಿಟ್ ಕಾರ್ಡ್‌ನ ಈ ಹಣವನ್ನು ವ್ಯಾಪಾರಿಯೇ ಭರಿಸಬೇಕೇ ಹೊರತು ಗ್ರಾಹಕನ ತಲೆಗೆ ಕಟ್ಟುವಂತಿಲ್ಲ. ಡೆಬಿಟ್ ಕಾರ್ಡ್ ಬಳಸಿದವರಿಂದ ಶೇಕಡಾವಾರು ಹೆಚ್ಚುವರಿ ಹಣ ಪಡೆಯುವುದು ಸಮರ್ಥನೀಯವಲ್ಲ, ಅಂತಹ ವ್ಯಾಪಾರಿಗಳೊಂದಿಗೆ ಬ್ಯಾಂಕುಗಳು ಸಂಬಂಧ ಕಡಿದುಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿತ್ತು. ಆದರೂ ಎಸ್‌.ಪಿ. ರಸ್ತೆಯಲ್ಲಿ ಲ್ಯಾಪ್‌ಟಾಪ್ ಖರೀದಿಸಿದವರಿಗೆ ‘ಕಾರ್ಡಾದ್ರೆ ಟೂ ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ ಸಾರ್’ ಎಂಬ ಮಾತು ಹೊಸದಲ್ಲ. ಸಣ್ಣ ಲಾಭದಲ್ಲಿ ವ್ಯಾಪಾರ ಮಾಡುವವರ ಕಷ್ಟವೂ ಇದರಲ್ಲಿದೆ. 2017ರ ಜನವರಿಯಲ್ಲಿ ಕೆಲವು ಬ್ಯಾಂಕುಗಳು ಪೆಟ್ರೋಲ್ ಬಂಕ್‌ಗಳ ಮೇಲೆ ಶೇ 1ರಷ್ಟು ಶುಲ್ಕ ಹಾಕಲು ಹೊರಟಾಗ ಬಂಕ್ ಮಾಲೀಕರು ಕಾರ್ಡನ್ನೇ ಮುಟ್ಟುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಸರ್ಕಾರ ಮಧ್ಯೆ ಬಂದು ಆ ಶುಲ್ಕ ಮುಂದಕ್ಕೆ ಹೋಯಿತು.

ಯುಪಿಐ ಬಂದ ಮೇಲೆ, ಪಾವತಿಗೆ ಖರ್ಚು ತಗಲುತ್ತದೆ ಎಂಬ ವಾದದ ಬುಡವೇ ಅಲುಗಾಡಿದೆ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ ಎಂಡಿಆರ್ ಇಲ್ಲ. ಆದಾಯ ತೆರಿಗೆ ಕಾಯ್ದೆಯ 269ಎಸ್‌ಯು ಕಲಂ ಅಡಿ ಸೂಚಿಸಿದ ಪಾವತಿ ವಿಧಾನಗಳಿಗೆ ಯಾವ ಬ್ಯಾಂಕೂ, ಪಾವತಿ ವ್ಯವಸ್ಥೆ ನಡೆಸುವ ಯಾವ ಸಂಸ್ಥೆಯೂ ಶುಲ್ಕ ಹಾಕುವಂತಿಲ್ಲ ಎಂದು ಪಾವತಿ ವ್ಯವಸ್ಥೆಗಳ ಕಾಯ್ದೆಗೆ 10ಎ ಎಂಬ ಹೊಸ ಕಲಂ ಸೇರಿಸಲಾಯಿತು. ಕೆಲವು ಬ್ಯಾಂಕುಗಳು ಆಮೇಲೂ ವಸೂಲಿ ಮಾಡಿದಾಗ, ಪಡೆದದ್ದನ್ನು ಹಿಂದಿರುಗಿಸಿ ಎಂದು ನೇರ ತೆರಿಗೆ ಮಂಡಳಿ 2020ರ ಆಗಸ್ಟ್‌ನಲ್ಲಿ ಸುತ್ತೋಲೆ ಕಳಿಸಿತು. ಬಿಇಎಂಎಲ್ ಬಡಾವಣೆಯ ಸೊಪ್ಪಿನವಳು, ಐಡಿಯಲ್ ಹೋಮ್ಸ್ ಬಸ್ ನಿಲ್ದಾಣದ ಬಳಿ ಎಳನೀರು ಕೊಚ್ಚುವವನು ಕ್ಯೂಆರ್ ಚೀಟಿ ಅಂಟಿಸಿಕೊಂಡು ಹತ್ತು ರೂಪಾಯಿಗೂ ಫೋನ್‌ಪೇ ತೆಗೆದುಕೊಳ್ಳುತ್ತಿರುವುದು ಈ ಕಾರಣದಿಂದಲೇ. ಅವರು ಗಿರಾಕಿಯಿಂದ ಒಂದು ಪೈಸೆ ಹೆಚ್ಚು ಕೇಳುವುದಿಲ್ಲ.

ಹೀಗಿರುವಾಗ ದೊಡ್ಡ ಕಂಪನಿಯೊಂದು ಯುಪಿಐನಲ್ಲಿ ಹಣ ಕಟ್ಟಿದವರಿಂದಲೂ ಪಾವತಿ ನಿರ್ವಹಣೆಯ ಹೆಸರಿನಲ್ಲಿ ದುಡ್ಡು ಪಡೆದರೆ ಅದಕ್ಕೆ ಯಾವ ಆಧಾರ? ಗೇಟ್‌ವೇ ನಡೆಸುವವರಿಗೆ ತಾಂತ್ರಿಕ ಸೇವೆಯ ಹಣ ಕೊಡಬೇಕಾಗುತ್ತದೆ ಎಂದು ಅವರು ಹೇಳಬಹುದು, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ವ್ಯಾಪಾರ ಮಾಡಲು ಅಂಗಡಿ ತೆರೆದವನು ಗಲ್ಲಾಪೆಟ್ಟಿಗೆಯ ಬಾಡಿಗೆಯನ್ನು ಗಿರಾಕಿಯ ಬಿಲ್‌ನಲ್ಲಿ ಬೇರೆ ಸಾಲಾಗಿ ಬರೆಯುವುದಿಲ್ಲ. ಕಾನೂನಿನ ತೊಡಕು ಇಷ್ಟೇ: 10ಎ ಕಲಂ ಕಟ್ಟಿಹಾಕಿರುವುದು ಬ್ಯಾಂಕು ಮತ್ತು ಪಾವತಿ ವ್ಯವಸ್ಥೆಯವರನ್ನು. ಟಿಕೆಟ್ ಮಾರುವ ಆಪ್ ತನ್ನ ಶುಲ್ಕವನ್ನು ಬುಕಿಂಗ್ ಸೇವೆ ಎಂದು ಬರೆದುಕೊಂಡರೆ ಆ ಕಲಂ ಅದನ್ನು ಮುಟ್ಟುವುದಿಲ್ಲ.

ಮುಟ್ಟುವ ಕಾನೂನು ಬೇರೆ ಇದೆ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ವಸ್ತು ಅಥವಾ ಸೇವೆಯ ಒಟ್ಟು ಬೆಲೆಯನ್ನು ಒಂದೇ ಸಂಖ್ಯೆಯಲ್ಲಿ ತೋರಿಸಬೇಕು, ಜೊತೆಗೆ ಕಡ್ಡಾಯ ಮತ್ತು ಐಚ್ಛಿಕ ಶುಲ್ಕಗಳನ್ನು, ತೆರಿಗೆಯನ್ನು ಬಿಡಿಸಿ ಹೇಳಬೇಕು. ಮೊದಲೇ ಟಿಕ್ ಹಾಕಿಟ್ಟ ಚೌಕದ ಮೂಲಕ ಗ್ರಾಹಕನ ಒಪ್ಪಿಗೆ ಪಡೆಯುವಂತಿಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್‌ಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಆನ್‌ಲೈನ್‌ನಲ್ಲಿ ಗ್ರಾಹಕರ ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಒಂದು ಡ್ರಿಪ್ ಪ್ರೈಸಿಂಗ್, ಬೆಲೆಯ ಒಂದೊಂದು ಭಾಗವನ್ನು ಬಚ್ಚಿಟ್ಟು ಕೊನೆಗೆ ತೋರಿಸುವುದು. ಇನ್ನೊಂದು ಬಾಸ್ಕೆಟ್ ಸ್ನೀಕಿಂಗ್, ಕೇಳದೆಯೇ ವಿಮೆಯನ್ನೋ ದೇಣಿಗೆಯನ್ನೋ ಬಿಲ್‌ಗೆ ಸೇರಿಸುವುದು. ಮೂರನೆಯದು ಸುಳ್ಳು ತರಾತುರಿ ಹುಟ್ಟಿಸುವುದು. ಮೇಲೆ ಹೇಳಿದ ಆ ಕೊನೆಯ ಪುಟವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. 2025ರ ಜೂನ್‌ನಲ್ಲಿ ಪ್ರಾಧಿಕಾರ ಎಲ್ಲ ಆಪ್‌ಗಳಿಗೂ ಮೂರು ತಿಂಗಳೊಳಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳಿ ಎಂದು ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಮನೆಗೆ ಬಂದ ವಸ್ತುವಿಗೆ ನಗದು ಕೊಡುವವರಿಂದ ಹೆಚ್ಚುವರಿ ಹಣ ಪಡೆಯುವ ಕಂಪನಿಗಳ ವಿರುದ್ಧ ತನಿಖೆ ಶುರುವಾಗಿದೆ ಎಂದು ಗ್ರಾಹಕ ವ್ಯವಹಾರಗಳ ಸಚಿವ, ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಹೇಳಿದರು. ನಗದು ಕೊಟ್ಟವರಿಂದಲೂ ಹೆಚ್ಚು, ಆನ್‌ಲೈನ್‌ನಲ್ಲಿ ಕೊಟ್ಟವರಿಂದಲೂ ಹೆಚ್ಚು ಎಂದಾದರೆ ಜನ ಬೇರೆ ಹೇಗೆ ಹಣ ಕೊಡಬೇಕು?

ನಿಷೇಧದ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ಸಿನಿಮಾ ಟಿಕೆಟ್‌ಗಳ ಆನ್‌ಲೈನ್ ಶುಲ್ಕವನ್ನು ತಡೆದು ಮಹಾರಾಷ್ಟ್ರ ಸರ್ಕಾರ 2013 ಮತ್ತು 2014ರಲ್ಲಿ ಹೊರಡಿಸಿದ್ದ ಆದೇಶಗಳನ್ನು ಬಾಂಬೆ ಹೈಕೋರ್ಟ್ 2025ರ ಜುಲೈನಲ್ಲಿ ರದ್ದು ಮಾಡಿತು. ವ್ಯಾಪಾರ ಮಾಡುವ ಮೂಲಭೂತ ಹಕ್ಕಿಗೆ ಅದು ವಿರುದ್ಧ ಎಂಬುದು ನ್ಯಾಯಾಲಯದ ಅಭಿಪ್ರಾಯ. ನಮ್ಮಲ್ಲಿಯೂ ಸಿನಿಮಾ ಟಿಕೆಟ್‌ಗೆ ₹200ರ ಮಿತಿ ಹಾಕಿ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮಕ್ಕೆ ಕೆಲವೇ ದಿನಗಳಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಬೆಲೆ ಎಷ್ಟಿರಬೇಕು ಎಂದು ಸರ್ಕಾರ ಹೇಳಲು ಹೋದಾಗಲೆಲ್ಲ ವಿಷಯ ಕೋರ್ಟ್ ಮೆಟ್ಟಿಲು ಹತ್ತುತ್ತದೆ, ವರ್ಷಗಳು ಉರುಳುತ್ತವೆ. ಬೆಲೆಯನ್ನು ಹೇಗೆ ತೋರಿಸಬೇಕು ಎಂದು ಹೇಳಲು ಅಂತಹ ಅಡ್ಡಿ ಕಡಿಮೆ. ದರ್ಶಿನಿಯ ಬೋರ್ಡ್‌ನಲ್ಲಿ ಕಾಫಿಗೆ ಬರೆದ ದರವನ್ನೇ ಕ್ಯಾಷಿಯರ್ ಕೇಳುತ್ತಾನೆ. ಹಾಲು, ಗ್ಯಾಸ್, ಲೋಟ ತೊಳೆಯುವವನ ಸಂಬಳ ಎಲ್ಲವೂ ಆ ದರದೊಳಗೇ ಇರುತ್ತದೆ. ಬೆಲೆ ಹೆಚ್ಚಾಯಿತು ಅನಿಸಿದರೆ ನಾವು ಪಕ್ಕದ ದರ್ಶಿನಿಗೆ ಹೋಗುತ್ತೇವೆ.

ಹೊರದೇಶಗಳು ಹಿಡಿದಿರುವುದೂ ಪೂರ್ತಿ ಬೆಲೆಯನ್ನು ಮೊದಲೇ ತೋರಿಸುವ ದಾರಿಯನ್ನೇ. ಬ್ರಿಟನ್ 2018ರ ಜನವರಿ 13ರಿಂದ ಗ್ರಾಹಕರ ಕಾರ್ಡ್ ಪಾವತಿಯ ಮೇಲಿನ ಸರ್ಚಾರ್ಜ್ ನಿಷೇಧಿಸಿತು. ತಪ್ಪಿಸಿಕೊಳ್ಳಲಾಗದ ಶುಲ್ಕವನ್ನೆಲ್ಲ ಮೊದಲ ಬೆಲೆಯಲ್ಲೇ ಸೇರಿಸಬೇಕೆಂಬ ಕಾನೂನು ಅಲ್ಲಿ 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಮೆರಿಕದಲ್ಲಿ ಪಂದ್ಯ, ಸಂಗೀತ ಕಛೇರಿಗಳ ಟಿಕೆಟ್‌ಗೂ ಹೋಟೆಲ್ ಕೊಠಡಿಗಳಿಗೂ ಇಂತಹದೇ ನಿಯಮ 2025ರ ಮೇ 12ರಂದು ಜಾರಿಗೆ ಬಂತು.

ಇದೆಲ್ಲ ಐಪಿಎಲ್ ನೋಡುವವರ ಸಮಸ್ಯೆ ಎಂದುಕೊಳ್ಳಬೇಡಿ. ನಮ್ಮ ಬಡಾವಣೆಗಳಿಗೇ ಇದು ಬಂದು ಕೂತಿದೆ. ಪಟ್ಟಣಗೆರೆ, ಹಲಗೇವಡೇರಹಳ್ಳಿ, ಕೆಂಚೇನಹಳ್ಳಿ ಸುತ್ತಮುತ್ತ ಖಾಲಿ ಸೈಟುಗಳಲ್ಲಿ ತಗಡಿನ ಶೆಡ್ ಎದ್ದು ಶಟಲ್ ಕೋರ್ಟ್‌ಗಳಾಗಿವೆ, ಬಲೆ ಕಟ್ಟಿದ ಟರ್ಫ್‌ಗಳಾಗಿವೆ. ಹೆಚ್ಚಿನವಕ್ಕೆ ಆಪ್‌ನಲ್ಲೇ ಬುಕಿಂಗ್. ಗಂಟೆಗೆ ₹300 ಎಂದು ಕಾಣುವ ಕೋರ್ಟ್‌ಗೆ ಕೊನೆಯ ಪುಟದಲ್ಲಿ ಶುಲ್ಕ ಸೇರಿಕೊಳ್ಳುತ್ತದೆ. ಒಮ್ಮೆ ಪಂದ್ಯಕ್ಕೆ ಹೋಗುವವನಿಗೆ ಇದು ವರ್ಷಕ್ಕೊಂದು ಸಲದ ಖರ್ಚು. ವಾರಕ್ಕೆ ನಾಲ್ಕು ದಿನ ಆಡುವ ಹುಡುಗಿಗೆ ತಿಂಗಳಿಗೆ ಹದಿನಾರು ಸಲ. ಆದರೆ ಇಲ್ಲಿ ಒಂದು ದಾರಿ ಇನ್ನೂ ಮುಚ್ಚಿಲ್ಲ. ‘ಅಣ್ಣಾ, ನಾಳೆ ಬೆಳಗ್ಗೆ ಆರಕ್ಕೆ ಕೋರ್ಟ್ ಫ್ರೀ ಇದ್ಯಾ?’ ಎಂದು ಕೋರ್ಟ್ ನೋಡಿಕೊಳ್ಳುವವರಿಗೇ ಫೋನ್ ಮಾಡಿ, ಗೇಟಿನ ಬಳಿಯ ಕ್ಯೂಆರ್‌ಗೆ ಹಣ ಹಾಕಿದರೆ ಶುಲ್ಕವಿಲ್ಲ. ಆ ದಾರಿ ತೆರೆದಿರುವುದರಿಂದಲೇ ಆಪ್‌ಗಳು ಇಲ್ಲಿ ಮಿತಿಮೀರಿ ಕೇಳುವುದಿಲ್ಲ ಎಂಬುದು ನನ್ನ ನಂಬಿಕೆ. ಕ್ರೀಡಾಂಗಣದ ವಿಷಯದಲ್ಲಿ ಇಲ್ಲವಾಗಿರುವುದು ಇದೇ. ಟಿಕೆಟ್ ಒಂದೇ ಆಪ್‌ನಲ್ಲಿ ಸಿಗುತ್ತದೆ, ಕೌಂಟರ್‌ನಲ್ಲಿ ಮಾರುವುದೇ ಇಲ್ಲ ಅಥವಾ ಹೆಸರಿಗಷ್ಟೇ ಮಾರುತ್ತಾರೆ ಎಂದಾದಾಗ ಆ ಶುಲ್ಕ ಸೇವೆಯ ಬೆಲೆಯಾಗಿ ಉಳಿಯುವುದಿಲ್ಲ, ಪ್ರವೇಶದ ಬೆಲೆಯೇ ಆಗಿಬಿಡುತ್ತದೆ. ತಪ್ಪಿಸಿಕೊಳ್ಳಲಾಗದ ಹಣವನ್ನು ಬೇರೆ ಸಾಲಿನಲ್ಲಿ ಬರೆಯುವುದು ಗ್ರಾಹಕನಿಗೆ ಮಾಡುವ ಮೋಸ.

ಮಳೆ ಬಂದರೆ? 2025ರ ಮೇ 17ರಂದು ಆರ್‌ಸಿಬಿ ಮತ್ತು ಕೋಲ್ಕತ್ತ ನೈಟ್ ರೈಡರ್ಸ್ ನಡುವಿನ ಪಂದ್ಯ ಚಿನ್ನಸ್ವಾಮಿಯಲ್ಲಿ ಒಂದು ಎಸೆತವೂ ಕಾಣದೆ ಕೊಚ್ಚಿಹೋಯಿತು. ಟಿಕೆಟ್ ಖರೀದಿಸಿದ್ದವರಿಗೆ ಪೂರ್ತಿ ಹಣ ಮರಳಿಸುವುದಾಗಿ ತಂಡ ಪ್ರಕಟಿಸಿತು. ಒಳ್ಳೆಯ ಮೇಲ್ಪಂಕ್ತಿ ಅದು. ಆದರೆ ಟಿಕೆಟ್ ಮಾರುವ ಆಪ್‌ಗಳ ಷರತ್ತುಗಳನ್ನು ಓದಿದರೆ, ಬುಕಿಂಗ್ ಶುಲ್ಕ ಯಾವ ಕಾರಣಕ್ಕೂ ಮರಳಿ ಸಿಗುವುದಿಲ್ಲ ಎಂಬ ಸಾಲು ಆಗಾಗ ಎದುರಾಗುತ್ತದೆ. ಪಂದ್ಯವೇ ನಡೆಯದಿದ್ದರೆ, ಅದರಲ್ಲಿ ಗ್ರಾಹಕನ ತಪ್ಪು ಕಿಂಚಿತ್ತೂ ಇಲ್ಲದಿದ್ದರೆ, ಶುಲ್ಕವೂ ವಾಪಸಾಗಬೇಕು. ನಾಲ್ಕು ಟಿಕೆಟ್‌ಗೆ ನಾಲ್ಕು ಶುಲ್ಕ ಎಣಿಸಿ ತೆಗೆದುಕೊಳ್ಳುವವರು ಹಿಂದಿರುಗಿಸುವಾಗಲೂ ನಾಲ್ಕು ಎಣಿಸಲಿ.

ಬೆಲೆ ತೋರಿಸುವ ರೀತಿಯ ಬದಲಾವಣೆಗೆ ದೆಹಲಿಯನ್ನೇ ಕಾಯಬೇಕಾಗಿಲ್ಲ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಆಡಿ ಬೆಳೆದ ಶ್ರೀ ಕಂಠೀರವ ಕ್ರೀಡಾಂಗಣ ರಾಜ್ಯ ಸರ್ಕಾರದ ಆಸ್ತಿ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೈಯಲ್ಲಿದೆ. ಅದನ್ನು ಪಂದ್ಯಕ್ಕೆ ಬಾಡಿಗೆ ಕೊಡುವಾಗ ಕರಾರಿನಲ್ಲಿ ಎರಡು ಸಾಲು ಸೇರಿಸಿದರೆ ಸಾಕು. ಟಿಕೆಟ್ ಬೆಲೆಯನ್ನು ಎಲ್ಲ ಶುಲ್ಕ, ತೆರಿಗೆ ಸೇರಿಸಿ ಒಂದೇ ಸಂಖ್ಯೆಯಲ್ಲಿ ಪ್ರಕಟಿಸಬೇಕು, ಮತ್ತು ಇಂತಿಷ್ಟು ಟಿಕೆಟ್‌ಗಳನ್ನು ಶುಲ್ಕವಿಲ್ಲದೆ ಕೌಂಟರ್‌ನಲ್ಲಿ ಇಡಬೇಕು. ಚಿನ್ನಸ್ವಾಮಿಯ ಪಂದ್ಯಗಳಿಗೂ ಪೊಲೀಸ್, ಅಗ್ನಿಶಾಮಕ, ಪಾಲಿಕೆ ಹೀಗೆ ಸರ್ಕಾರದ ಹತ್ತು ಅನುಮತಿ ಬೇಕು. ಕೇಳುವ ಮನಸ್ಸಿದ್ದರೆ ಅಲ್ಲಿಯೂ ಕೇಳಬಹುದು. ಸ್ಮಾರ್ಟ್‌ಫೋನ್ ಬಳಸಲು ಬಾರದ ಹಿರಿಯರೂ ಕೌಂಟರ್‌ಗೆ ಬಂದು ಟಿಕೆಟ್ ಕೇಳುವ ಹಕ್ಕು ಉಳಿಸಿಕೊಳ್ಳಬೇಕು. ಜಿ.ಆರ್. ವಿಶ್ವನಾಥ್ ಆಟ ನೋಡಿ ಬೆಳೆದವರು ಅವರು, ಈ ಕ್ರೀಡಾಂಗಣವನ್ನು ಚಪ್ಪಾಳೆಯಿಂದ ತುಂಬಿದವರು.

ಓದುಗರು ಮಾಡಬಹುದಾದ್ದೂ ಇದೆ. ಮುಂದಿನ ಬಾರಿ ಟಿಕೆಟ್ ಖರೀದಿಸುವಾಗ ಮೊದಲ ಪುಟದ ಬೆಲೆಯನ್ನೂ ಕೊನೆಯ ಪುಟದ ಮೊತ್ತವನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕೇಳದೆ ಸೇರಿಸಿದ ದೇಣಿಗೆ, ವಿಮೆಯ ಟಿಕ್ ತೆಗೆಯಿರಿ. ಎರಡೂ ಮೊತ್ತಗಳ ನಡುವೆ ಅಂತರವಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಅರ್ಜಿ ಹಾಕಬಹುದು. ₹5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೇ ಬೇಕೆಂಬ ಕಡ್ಡಾಯವೂ ಇಲ್ಲ.